ಕೂಸು, ಕೈ ಮತ್ತು ಮನೆಯ ಸಾಮಾನು

ಚರಗಿಯ ಮೇಲೆ ‘ಇದು ನೀರು ಕುಡಿಯುವುದಕ್ಕೆ’ ಎಂದು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೂ ಒಂದು ವರ್ಷದ ಕೂಸು ಅದನ್ನು ಓದಲಾರದು. ಆದರೂ ಮೂರು ವರ್ಷ ತುಂಬುವಷ್ಟರಲ್ಲಿ ಅದೇ ಕೂಸು ಚರಗಿಯೆತ್ತಿ ನೀರು ಕುಡಿಯುತ್ತದೆ. ಕಸಬರಿಗೆ ಹಿಡಿದು ಅಂಗಳ ಗುಡಿಸಲು ಹೊರಡುತ್ತದೆ. ಕೀಲಿಕೈಯನ್ನು ಕೀಲಿಯ ತೂತಿಗೇ ಒಯ್ದು ತಿರುವುತ್ತದೆ. ಅಜ್ಜನ ಕನ್ನಡಕವನ್ನು ತಂದು ಅಜ್ಜನ ಮೂಗಿನ ಮೇಲೆಯೇ ಏರಿಸುತ್ತದೆ. ಇದನ್ನೆಲ್ಲ ಅದಕ್ಕೆ ಕಲಿಸಿದವರಾರು? ಯಾವ ಪಾಠಶಾಲೆಯಲ್ಲಿ, ಯಾವ ಪಠ್ಯದಿಂದ ಅದು ಕಲಿಯಿತು? ಮನೆಯವರನ್ನು ಕೇಳಿದರೆ, ‘ತಾನೇ ಕಲ್ತದ ನೋಡ್ರಿ’ ಎನ್ನುತ್ತಾರೆ. ಈ ‘ತಾನೇ’ ಎಂಬ ಒಂದು ಮಾತಿನೊಳಗೆ ಎಷ್ಟು ಸಂಗತಿಗಳು ಅಡಗಿವೆ ಎಂಬುದನ್ನು ಬಿಡಿಸಿ ನೋಡುವುದೇ ಈ ಭಾಷಣದ ಉದ್ದೇಶ.

ನಾನು ಮನಶ್ಶಾಸ್ತ್ರಜ್ಞನಲ್ಲ. ಕಾಲೇಜುಗಳಲ್ಲಿ ಕನ್ನಡ ಕಾವ್ಯ, ವ್ಯಾಕರಣಗಳನ್ನು ಪಾಠ ಹೇಳಿ ನಿವೃತ್ತನಾದವನು. ನನ್ನ ಮುಂದೆ ಬಂದು ಕೂರುತ್ತಿದ್ದ ವಿದ್ಯಾರ್ಥಿಗಳು ಲೇಖನಿಯನ್ನು ಹಿಡಿಯಬಲ್ಲವರು, ಪುಟ ತಿರುವಬಲ್ಲವರು, ಗುಂಡಿ ಹಾಕಿಕೊಂಡು ಚಪ್ಪಲಿ ಮೆಟ್ಟಿ ಬರಬಲ್ಲವರು. ಆ ವಿದ್ಯೆಗಳನ್ನೆಲ್ಲ ಅವರು ಎಂದೋ ಮುಗಿಸಿಬಿಟ್ಟಿದ್ದರು. ಮುಗಿದ ವಿದ್ಯೆಯ ಮೊದಲನ್ನು ನೋಡುವ ಪುರಸತ್ತು ನನಗೆ ದೊರೆತದ್ದು ಚಿಂಚೋಳಿಯ ಪಡಸಾಲೆಯಲ್ಲಿ ಕುಳಿತು, ಮೊಮ್ಮಕ್ಕಳನ್ನೂ ಓಣಿಯ ಮಕ್ಕಳನ್ನೂ ಗಮನಿಸತೊಡಗಿದ ಮೇಲೆ. ಕಂಡದ್ದನ್ನು ತಿಳಿದವರ ಗ್ರಂಥಗಳೊಡನೆ ಹೋಲಿಸಿ ನೋಡಿದೆ. ಆ ಹೋಲಿಕೆಯ ಸಾರವನ್ನಷ್ಟೇ ಇಲ್ಲಿ ನಿವೇದಿಸುತ್ತೇನೆ.

ಮೊದಲು ಕೈಯ ಮಾತು. ಹುಟ್ಟಿದ ಕೂಸಿನ ಅಂಗೈಗೆ ನಾವು ಬೆರಳು ತಾಕಿಸಿದರೆ ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅದು ಹಿಡಿದದ್ದಲ್ಲ, ಕೈ ತಾನಾಗಿ ಮುಚ್ಚಿಕೊಂಡದ್ದು. ನಾಲ್ಕೈದು ತಿಂಗಳಿಗೆ ಕಣ್ಣು ಕಂಡ ವಸ್ತುವಿನ ಕಡೆಗೆ ಕೈ ಚಾಚುವುದು ಆರಂಭವಾಗುತ್ತದೆ. ಸಿಕ್ಕದ್ದೆಲ್ಲ ಬಾಯಿಗೆ ಹೋಗುವ ಕಾಲ ಅದು. ಕೂಸಿನ ಮೊದಲ ಪರೀಕ್ಷಾಮಂದಿರವೇ ಬಾಯಿ. ಒಂಬತ್ತು ಹತ್ತು ತಿಂಗಳ ಹೊತ್ತಿಗೆ ಹೆಬ್ಬೆರಳು ಮತ್ತು ತೋರುಬೆರಳು ಒಂದಾಗಿ ನೆಲದ ಮೇಲೆ ಬಿದ್ದ ಒಂದೇ ಒಂದು ತೊಗರಿಕಾಳನ್ನು ಎತ್ತಬಲ್ಲವು. ತೊಗರಿಯ ರಾಶಿಯ ದಿನಗಳಲ್ಲಿ ನಮ್ಮ ಸೀಮೆಯ ತಾಯಂದಿರಿಗೆ ಇದಕ್ಕಿಂತ ದೊಡ್ಡ ಚಿಂತೆ ಇರುವುದಿಲ್ಲ. ಕಾಳು ಎತ್ತುವ ಬೆರಳಿಗೆ ಮೂಗಿನ ದಾರಿಯೂ ಗೊತ್ತು!

ಈ ವಯಸ್ಸಿನಲ್ಲಿ ಕೂಸು ವಸ್ತುವನ್ನು ಕುಟ್ಟುತ್ತದೆ. ನಾವು ಅದನ್ನು ಗದ್ದಲ ಎಂದು ಬಗೆಯುತ್ತೇವೆ. ಆದರೆ ಸಮೀಪದಿಂದ ನೋಡಬೇಕು. ನಮ್ಮ ಕಡೆಯ ಮನೆಗಳಲ್ಲಿ ಶಹಾಬಾದಿನ ಫರಸಿಕಲ್ಲು ಹಾಸಿದ ನೆಲ. ಅದರ ಮೇಲೊಂದು ಕೌದಿ. ಸ್ಟೀಲಿನ ಬಟ್ಟಲು ಹಿಡಿದ ಹತ್ತು ತಿಂಗಳ ಕೂಸು ಅದನ್ನು ಕೌದಿಯ ಮೇಲೆ ಒಂದೆರಡು ಸಲ ಬಡಿದು, ಸದ್ದು ಬಾರದಿರಲು, ಸರಿದು ಬಂದು ಕಲ್ಲಿನ ಮೇಲೆ ಬಡಿಯುತ್ತದೆ. ಬಟ್ಟೆಯ ಚೆಂಡನ್ನು ಕೊಟ್ಟರೆ ಬಡಿಯುವುದನ್ನು ಬಿಟ್ಟು ಹಿಚುಕುತ್ತದೆ. ಯಾವ ವಸ್ತುವಿಗೆ ಯಾವ ನೆಲ, ಯಾವ ನೆಲಕ್ಕೆ ಯಾವ ಕ್ರಿಯೆ ಎಂಬ ಜೋಡಣೆ ಆಗಲೇ ನಡೆದಿದೆ. ಮುಂದೆ ಸುತ್ತಿಗೆ ಹಿಡಿದು ಮೊಳೆ ಹೊಡೆಯುವ ಕೈಯ ಮೊದಲಕ್ಷರ ಈ ಗದ್ದಲವೇ ಎಂದು ಇದನ್ನು ಅಭ್ಯಸಿಸಿದವರು ಹೇಳುತ್ತಾರೆ.

ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ (1896–1980) ಈ ಬಗೆಯ ಸಂಗತಿಗಳನ್ನು ತನ್ನ ಮೂವರು ಮಕ್ಕಳಲ್ಲಿ ದಿನದಿನವೂ ಗಮನಿಸಿ, 1936ರಲ್ಲಿ ಶಿಶುಬುದ್ಧಿಯ ಹುಟ್ಟನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ. ಅದರಲ್ಲಿ ಅವನ ಮಗಳ ಒಂದು ಪ್ರಸಂಗವಿದೆ. ಅವಳಿಗೆ ಆಗ ಒಂದು ವರ್ಷ ನಾಲ್ಕು ತಿಂಗಳು. ಕಡ್ಡಿಪೆಟ್ಟಿಗೆಯೊಳಗೆ ಒಂದು ಸರವನ್ನಿಟ್ಟು, ಸಣ್ಣ ಸಂದು ಮಾತ್ರ ಬಿಟ್ಟು ತಂದೆ ಅವಳ ಕೈಗೆ ಕೊಟ್ಟ. ಬೆರಳು ತೂರಿಸಿ ನೋಡಿದಳು, ಸರ ಬರಲಿಲ್ಲ. ಕೈ ನಿಲ್ಲಿಸಿದಳು. ಪೆಟ್ಟಿಗೆಯ ಸಂದನ್ನೇ ನೋಡುತ್ತ ತನ್ನ ಬಾಯನ್ನು ಸ್ವಲ್ಪ ತೆರೆದಳು, ಇನ್ನಷ್ಟು ತೆರೆದಳು, ಮತ್ತಷ್ಟು ತೆರೆದಳು. ಆಮೇಲೆ ಬೆರಳಿಟ್ಟು ಪೆಟ್ಟಿಗೆಯನ್ನು ಎಳೆದು ತೆರೆದು ಸರವನ್ನು ತೆಗೆದುಕೊಂಡಳು. ‘ತೆರೆ’ ಎಂಬ ಮಾತು ಇನ್ನೂ ನೆಲೆಯಾಗದ ಕೂಸು ತೆರೆಯುವುದನ್ನು ಬಾಯಿಂದ ಅಭಿನಯಿಸಿ, ಅನಂತರ ಕೈಯಿಂದ ಮಾಡಿತು. ಆಲೋಚನೆಯೆಂಬುದು ಮೈಯಲ್ಲಿಯೇ ಮೊದಲು ಮೊಳೆಯುತ್ತದೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ನಿದರ್ಶನ ನನಗೆ ತಿಳಿಯದು.

ಇನ್ನು ಚಮಚದ ವಿಷಯ. ಅಮೆರಿಕದ ಮೆಕಾರ್ಟಿ ಮತ್ತು ಸಂಗಡಿಗರು 1999ರಲ್ಲಿ ಒಂದು ಸರಳವಾದ ಪ್ರಯೋಗವನ್ನು ವರದಿ ಮಾಡಿದರು. ಆಹಾರ ತುಂಬಿದ ಚಮಚವನ್ನು ಕೂಸಿನ ಮುಂದೆ ಅಡ್ಡಲಾಗಿ ಇಡುವುದು. ಹಿಡಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಒಂಬತ್ತು ತಿಂಗಳ ಕೂಸು ತನಗೆ ರೂಢಿಯಾದ ಕೈಯನ್ನೇ ಚಾಚಿ, ಸಿಕ್ಕ ತುದಿಯನ್ನು ಹಿಡಿಯುತ್ತದೆ. ಎಷ್ಟೋ ಸಲ ಹಿಡಿಯ ತುದಿಯೇ ಬಾಯಿಗೆ ಹೋಗುತ್ತದೆ. ಹದಿನಾಲ್ಕು ತಿಂಗಳ ಕೂಸೂ ಮೊದಲು ಹಾಗೆಯೇ ಹಿಡಿಯುತ್ತದೆ. ಆದರೆ ಬಾಯಿಗೆ ಬರುವ ಮೊದಲೇ ತಪ್ಪನ್ನರಿತು, ಕೈ ತಿರುಚಿಯೋ ಬದಲಿಸಿಯೋ ತಿದ್ದಿಕೊಳ್ಳುತ್ತದೆ. ಹತ್ತೊಂಬತ್ತು ತಿಂಗಳ ಕೂಸು ಮುಟ್ಟುವ ಮೊದಲೇ ನೋಡುತ್ತದೆ. ಹಿಡಿ ಯಾವ ಕಡೆಗಿದೆಯೋ ಆ ಕಡೆಯ ಕೈಯನ್ನೇ ಚಾಚುತ್ತದೆ. ಮೊದಲನೆಯದು ತಪ್ಪಿದ ಮೇಲೆ ತಿಳಿಯುವುದು, ಎರಡನೆಯದು ತಪ್ಪುತ್ತಿರುವಾಗ ತಿಳಿಯುವುದು, ಮೂರನೆಯದು ತಪ್ಪುವ ಮೊದಲೇ ತಿಳಿಯುವುದು. ಹತ್ತು ತಿಂಗಳ ಅವಧಿಯಲ್ಲಿ ಕೂಸು ಏರಿದ ಈ ಮೂರು ಮೆಟ್ಟಿಲುಗಳನ್ನು ಏರಲಾರದೆ ನಾವು ದೊಡ್ಡವರು ಎಷ್ಟೋ ವಿಷಯಗಳಲ್ಲಿ ಮೊದಲನೆಯದರ ಮೇಲೆಯೇ ನಿಂತಿರುತ್ತೇವೆ.

ನಮ್ಮ ಸೀಮೆಯಲ್ಲಿ ಊಟಕ್ಕೆ ಚಮಚ ಈಚೆಗೆ ಬಂದದ್ದು. ಇಲ್ಲಿ ಜೋಳದ ರೊಟ್ಟಿಯೇ ಊಟ. ರೊಟ್ಟಿಯ ತುಣುಕೇ ಚಮಚ. ಮುರಿದ ತುಣುಕನ್ನು ಬೆರಳುಗಳ ನಡುವೆ ಮಡಿಸಿ ದೊನ್ನೆಯಂತೆ ಮಾಡಿ, ಪಲ್ಯವನ್ನೋ ಬೇಳೆಯನ್ನೋ ಎತ್ತಿಕೊಂಡು, ಚೆಲ್ಲದಂತೆ ಬಾಯಿಗೆ ತರಬೇಕು. ಉಪಕರಣವನ್ನು ತುತ್ತು ತುತ್ತಿಗೂ ಹೊಸದಾಗಿ ತಯಾರಿಸಿ, ಬಳಸಿ, ಅದನ್ನೇ ತಿಂದುಬಿಡುವ ಈ ವಿದ್ಯೆ ಚಮಚದ ವಿದ್ಯೆಗಿಂತ ಜಟಿಲವಾದದ್ದು. ಕೂಸು ಮೊದಲು ಎರಡೂ ಕೈಗಳಿಂದ ರೊಟ್ಟಿಯನ್ನು ಹರಿಯುತ್ತದೆ. ತುಣುಕನ್ನು ಪಲ್ಯದಲ್ಲಿ ಅದ್ದಿ ಬರೀ ತೇವವನ್ನು ಚೀಪುತ್ತದೆ. ಒಂದೇ ಕೈಯಲ್ಲಿ, ಅಂಗೈಯಿಂದ ಒತ್ತಿ ಬೆರಳುಗಳಿಂದ ಮುರಿಯುವ ಹದ ಬರಲು ವರ್ಷಗಳು ಬೇಕು. ಬಿಸಿರೊಟ್ಟಿಯ ಮೆತು ಬೇರೆ, ಕಟಕ ರೊಟ್ಟಿಯ ಬಿರುಸು ಬೇರೆ. ಕೈ ಎರಡನ್ನೂ ಅರಿಯಬೇಕು.

ಇಲ್ಲಿಯೇ ಎಡಗೈಯ ಪ್ರಶ್ನೆಯೂ ಬರುತ್ತದೆ. ಜಗತ್ತಿನ ಎಲ್ಲ ಕಡೆಗಳಲ್ಲಿಯೂ ಹತ್ತರಲ್ಲಿ ಸುಮಾರು ಒಬ್ಬರು ಎಡಚರು. ಅದು ಕೂಸಿನ ಹಟವಲ್ಲ. ಅದರ ಮೈಯ ರಚನೆ. ಊಟಕ್ಕೆ ಬಲಗೈ ಎಂಬುದು ನಮ್ಮ ಮನೆಗಳ ಶಿಷ್ಟಾಚಾರ. ಅದನ್ನು ಕೂಸು ಮೆಲ್ಲನೆ ಕಲಿತೀತು. ಆದರೆ ಕುಡುಗೋಲು, ಕತ್ತರಿ, ಸೀಸದಕಡ್ಡಿಗಳನ್ನೂ ಬಲಗೈಗೇ ಬಲವಂತದಿಂದ ವರ್ಗಾಯಿಸಿ, ಎಡಗೈಯ ಮೇಲೆ ಪೆಟ್ಟು ಕೊಡುವುದು ಬೇರೆ ಮಾತು. ಮುಟ್ಟುವ ಮೊದಲೇ ಯೋಚಿಸಬಲ್ಲ ಕೂಸನ್ನು, ಮುಟ್ಟುವ ಮೊದಲೇ ಹೆದರುವ ಕೂಸನ್ನಾಗಿ ಮಾರ್ಪಡಿಸಿದಂತೆ ಅದು.

ವಸ್ತುವನ್ನು ನೋಡಿದರೆ ಅದರ ಬಳಕೆ ಹೇಗೆ ಹೊಳೆಯುತ್ತದೆ? ಅಮೆರಿಕದ ಜೇಮ್ಸ್ ಗಿಬ್ಸನ್ (1904–1979) ತನ್ನ ಕೊನೆಯ ಗ್ರಂಥದಲ್ಲಿ ಇದಕ್ಕೊಂದು ಉತ್ತರ ಕೊಟ್ಟ. ನಾವು ವಸ್ತುವಿನ ಬಣ್ಣ, ಆಕಾರ, ತೂಕಗಳನ್ನು ಬೇರೆಬೇರೆಯಾಗಿ ಕಂಡು ಆಮೇಲೆ ಬಳಕೆಯನ್ನು ತರ್ಕಿಸುವುದಿಲ್ಲ. ಮೈಗೆ ಅದು ಏನನ್ನು ಮಾಡಗೊಡುತ್ತದೆ ಎಂಬುದನ್ನೇ ನೇರವಾಗಿ ಕಾಣುತ್ತೇವೆ ಎಂದು ಅವನ ವಾದ. ಮೊಣಕಾಲೆತ್ತರದ ಕಟ್ಟೆ ಕೂರಗೊಡುತ್ತದೆ. ಕಿವಿಯುಳ್ಳ ಪಾತ್ರೆ ಎತ್ತಗೊಡುತ್ತದೆ. ಈ ಗುಣಕ್ಕೆ ನಮ್ಮಲ್ಲಿ ‘ಅನುವು’ ಎಂಬ ಒಳ್ಳೆಯ ಮಾತಿದೆ. ದೊಡ್ಡವನಿಗೆ ಕೂರಲು ಅನುವಾದ ಕಟ್ಟೆ ಅಂಬೆಗಾಲಿನ ಕೂಸಿಗೆ ಹಿಡಿದು ನಿಲ್ಲಲು ಅನುವಾಗುತ್ತದೆ. ಅನುವು ವಸ್ತುವಿನಲ್ಲಿಯೂ ಇಲ್ಲ, ಮೈಯಲ್ಲಿಯೂ ಇಲ್ಲ; ಎರಡರ ನಂಟಿನಲ್ಲಿದೆ. ಆದುದರಿಂದ ಮೈ ಬೆಳೆದಂತೆ ಅದೇ ಮನೆ ಕೂಸಿಗೆ ತಿಂಗಳು ತಿಂಗಳಿಗೂ ಹೊಸ ಮನೆಯಾಗುತ್ತದೆ.

ಆದರೆ ಅನುವಿನಿಂದಲೇ ಎಲ್ಲವೂ ತಿಳಿಯಲಾರದು. ನಮ್ಮ ಮನೆಗಳಲ್ಲಿ ಒಂದೇ ಆಕಾರದ ಎರಡು ಚರಗಿಗಳಿರುತ್ತವೆ. ಒಂದು ಕುಡಿಯುವ ನೀರಿನ ಕೊಡದ ಮೇಲೆ. ಇನ್ನೊಂದು ಹಿತ್ತಿಲ ಬಾಗಿಲ ಹತ್ತಿರ. ಕಣ್ಣಿಗೂ ಕೈಗೂ ಎರಡೂ ಒಂದೇ. ಆದರೂ ಎರಡೂವರೆ ಮೂರು ವರ್ಷದ ಮಗು ಹಿತ್ತಿಲ ಚರಗಿಯನ್ನು ಕೊಡದ ಮೇಲಿಟ್ಟ ತಮ್ಮನನ್ನು ಕಂಡು ಕೂಗಿಕೊಳ್ಳುತ್ತದೆ. ಆಕಾರ ಹೇಳದ ಈ ಭೇದವನ್ನು ಮನೆಯ ನಡವಳಿಕೆ ಹೇಳಿಕೊಟ್ಟಿದೆ.

ವ್ಯಾಕರಣದ ಅಭ್ಯಾಸ ನನ್ನನ್ನು ಬಿಡಲೊಲ್ಲದು. ನಮ್ಮ ವ್ಯಾಕರಣಗಳು ನಾಮಪದಗಳನ್ನು ರೂಢನಾಮ, ಅನ್ವರ್ಥನಾಮ, ಅಂಕಿತನಾಮ ಎಂದು ವಿಂಗಡಿಸುತ್ತವೆ. ವಸ್ತುಗಳ ಬಳಕೆಯಲ್ಲಿಯೂ ಈ ಮೂರನ್ನು ಕಾಣಬಹುದು ಎಂದು ನನಗೆ ತೋರುತ್ತದೆ. ಆಕಾರದಿಂದಲೇ ಹೊಳೆಯುವ ಬಳಕೆ ಅನ್ವರ್ಥ: ಗುಂಡಗಿನದು ಉರುಳುತ್ತದೆ, ಗುಳಿಯುಳ್ಳದ್ದು ತುಂಬಿಕೊಳ್ಳುತ್ತದೆ. ಜನರ ವಾಡಿಕೆಯಿಂದ ಬಂದದ್ದು ರೂಢ: ಎರಡು ಚರಗಿಗಳ ಭೇದದಂತೆ. ಒಬ್ಬರಿಗೇ ಸಂದದ್ದು ಅಂಕಿತ: ಇದು ಅಜ್ಜನ ಕೋಲು, ಇದು ಅಪ್ಪನ ಗಂಗಾಳ. ಎರಡು ವರ್ಷದ ಕೂಸು ಅಪ್ಪನ ಗಂಗಾಳದಲ್ಲಿ ಬೇರೆಯವರಿಗೆ ಬಡಿಸಿದರೆ ಸುಮ್ಮನಿರುವುದಿಲ್ಲ. ಚಿಂಚೋಳಿಯಂಥ ಗಡಿಯ ಊರಿನಲ್ಲಿ ಅದೇ ಪಾತ್ರೆಯನ್ನು ಒಬ್ಬರು ಚರಗಿ ಎಂದರೆ, ತೆಲುಗಿನ ನೆರೆಯವರು ಚೆಂಬು ಎಂದಾರು, ಉರ್ದುವಿನವರು ಲೋಟಾ ಎಂದಾರು. ಹೆಸರು ಮೂರಾದರೂ ಬಾಗಿಸಿ ನೀರು ಹೊಯ್ಯುವ ಕೈಯ ಮಾಟ ಒಂದೇ. ನಮ್ಮ ಮಕ್ಕಳು ಮೂರು ಮನೆಗಳಲ್ಲಿ ಆಡಿ ಬಂದು ಮೊದಲು ಕಲಿಯುವುದು ಆ ಮಾಟವನ್ನು. ಹೆಸರುಗಳು ಹಿಂದಿನಿಂದ ಬರುತ್ತವೆ.

ರೂಢಿಯನ್ನು ಕಲಿಯುವ ದಾರಿ ಅನುಕರಣೆ. ಅನುಕರಣೆ ಎಂದೊಡನೆ ಮಂಗನ ನೆನಪಾಗುತ್ತದೆ. ಬುದ್ಧಿಯಿಲ್ಲದ ನಕಲು ಎಂಬ ಭಾವನೆ ಬರುತ್ತದೆ. ಈ ಭಾವನೆ ಎಷ್ಟು ಹುಸಿ ಎಂಬುದನ್ನು ಮೂರು ಪ್ರಯೋಗಗಳು ತೋರಿಸಿವೆ. 1988ರಲ್ಲಿ ಆಂಡ್ರ್ಯೂ ಮೆಲ್ಟ್ಸಾಫ್ ಹದಿನಾಲ್ಕು ತಿಂಗಳ ಕೂಸುಗಳ ಎದುರಿಗೆ ಒಂದು ದೀಪದ ಪೆಟ್ಟಿಗೆಯನ್ನು ಹಣೆಯಿಂದ ಒತ್ತಿ ಬೆಳಗಿಸಿದ. ಒಂದು ವಾರದ ಮೇಲೆ ಅದೇ ಪೆಟ್ಟಿಗೆಯನ್ನು ಮುಂದಿಟ್ಟಾಗ ಮೂರರಲ್ಲಿ ಎರಡು ಪಾಲು ಕೂಸುಗಳು ತಾವೂ ಹಣೆ ತಾಗಿಸಿದವು. ಒಮ್ಮೆ ಕಂಡದ್ದನ್ನು ವಾರದವರೆಗೆ ನೆನಪಿಟ್ಟುಕೊಂಡು ಮಾಡುವುದು ಸಾಮಾನ್ಯವೆ?

2002ರಲ್ಲಿ ಹಂಗೇರಿಯ ಗೆರ್ಗೆಲಿ ಮತ್ತು ಸಂಗಡಿಗರು ಇದಕ್ಕೊಂದು ತಿರುವು ಕೊಟ್ಟರು. ಚಳಿಯಾದಂತೆ ನಟಿಸಿ, ಎರಡೂ ಕೈಗಳಿಂದ ಹೊದಿಕೆಯನ್ನು ಹಿಡಿದುಕೊಂಡು ಹಣೆಯಿಂದ ದೀಪ ಹೊತ್ತಿಸಿ ತೋರಿಸಿದರು. ಆಗ ಹಣೆ ತಾಗಿಸಿದ ಕೂಸುಗಳು ನೂರಕ್ಕೆ 21 ಮಾತ್ರ. ಉಳಿದವು ಕೈಯಿಂದಲೇ ಒತ್ತಿದವು. ಕೈಗಳು ಬಿಡುವಾಗಿದ್ದೂ ಹಣೆಯಿಂದ ಒತ್ತಿ ತೋರಿಸಿದಾಗ ನೂರಕ್ಕೆ 69 ಕೂಸುಗಳು ಹಣೆ ತಾಗಿಸಿದವು. ಎಂದರೆ ಕೂಸಿನ ಮನಸ್ಸಿನಲ್ಲಿ ಒಂದು ವಿವೇಚನೆ ನಡೆದಂತಾಯಿತು: ಕೈ ಬಿಡುವಿಲ್ಲದ್ದರಿಂದ ಹಣೆ ಬಳಸಿದರೆ ಅದು ಅನಿವಾರ್ಯ, ಕೈ ಬಿಡುವಿದ್ದೂ ಹಣೆ ಬಳಸಿದರೆ ಅದಕ್ಕೇನೋ ಕಾರಣವಿರಬೇಕು.

ಮೂರನೆಯದು 2005ರಲ್ಲಿ ವಿಕ್ಟೋರಿಯಾ ಹಾರ್ನರ್, ಆಂಡ್ರ್ಯೂ ವೈಟನ್ ಪ್ರಕಟಿಸಿದ ಪ್ರಯೋಗ. ಪೆಟ್ಟಿಗೆಯಿಂದ ತಿಂಡಿ ತೆಗೆಯುವ ವಿಧಾನವನ್ನು ಚಿಂಪಾಂಜಿಗಳಿಗೂ ಮೂರು ನಾಲ್ಕು ವರ್ಷದ ಮಕ್ಕಳಿಗೂ ತೋರಿಸಿದರು. ಅದರಲ್ಲಿ ಕೆಲವು ಕ್ರಿಯೆಗಳು ನಿರರ್ಥಕ. ಪೆಟ್ಟಿಗೆ ಪಾರದರ್ಶಕವಾಗಿದ್ದು, ಆ ಕ್ರಿಯೆಗಳಿಂದ ಏನೂ ಆಗುವುದಿಲ್ಲವೆಂದು ಕಾಣುತ್ತಿದ್ದಾಗ, ಚಿಂಪಾಂಜಿಗಳು ಅವನ್ನು ಬಿಟ್ಟು ನೇರವಾಗಿ ತಿಂಡಿಗೆ ಕೈ ಹಾಕಿದವು. ಮಕ್ಕಳು ಮಾತ್ರ ನಿರರ್ಥಕವಾದುದನ್ನೂ ಸೇರಿಸಿ ಎಲ್ಲವನ್ನೂ ಮಾಡಿದರು. ಮೇಲುನೋಟಕ್ಕೆ ಚಿಂಪಾಂಜಿಯೇ ಜಾಣ. ಆದರೆ ನಮ್ಮ ಬಳಕೆಯ ಎಷ್ಟು ಕ್ರಿಯೆಗಳ ಅರ್ಥ ನೋಡಿದೊಡನೆ ತಿಳಿಯುತ್ತದೆ? ರೊಟ್ಟಿಯನ್ನು ಹಂಚಿಗೆ ಹಾಕಿದ ಮೇಲೆ ಅವ್ವ ಅದರ ಮೇಲೆ ನೀರು ಸವರುತ್ತಾಳೆ. ನೋಡುವ ಮಗುವಿಗೆ ಅದು ಸುಮ್ಮನೆ ಮಾಡಿದ ಕೆಲಸದಂತೆ ಕಂಡೀತು. ನೀರು ಸವರದ ರೊಟ್ಟಿ ಒಣಗಿ ಬಿರಿಯುತ್ತದೆಂಬುದು ತಿಳಿಯುವುದು ಬಹಳ ತಡವಾಗಿ. ಕಾರಣ ತಿಳಿಯುವವರೆಗೆ ಕಾಯುತ್ತೇನೆಂದರೆ ರೊಟ್ಟಿಯ ವಿದ್ಯೆ ಒಂದು ತಲೆಮಾರಿಗೇ ನಿಂತುಹೋಗುತ್ತಿತ್ತು. ಎಲ್ಲವನ್ನೂ ತೆಗೆದುಕೊಂಡು, ಬೇಕಾದುದನ್ನು ಆಮೇಲೆ ಆರಿಸಿಕೊಳ್ಳುವುದು ಮನುಷ್ಯನ ಕೂಸಿನ ಕ್ರಮ. ಮೊರಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದೂ ಪುಸ್ತಕಕ್ಕೆ ಕೈಮುಗಿಯುವುದೂ ಈ ದಾರಿಯಿಂದಲೇ ಮಕ್ಕಳಿಗೆ ಬಂದವು.

ಹಾಗಾದರೆ ಹಿರಿಯರ ಪಾತ್ರವೇನು? ರಷ್ಯದ ವೈಗೋಟ್‌ಸ್ಕಿ (1896–1934), ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲದ್ದಕ್ಕೂ ನಡುವಿನ ಅಂತರದಲ್ಲಿಯೇ ನಿಜವಾದ ಕಲಿಕೆ ನಡೆಯುತ್ತದೆಂದು ಹೇಳಿದ. ಆ ಅಂತರವನ್ನು ಕಣ್ಣಾರೆ ಕಾಣಬೇಕೆಂದರೆ ರೊಟ್ಟಿ ಬಡಿಯುವ ಹೊತ್ತಿಗೆ ನಮ್ಮ ಸೀಮೆಯ ಯಾವ ಅಡಿಗೆಮನೆಗಾದರೂ ಹೋಗಿರಿ. ಮೂರು ನಾಲ್ಕು ವರ್ಷದ ಹುಡುಗಿ ತಾಯಿಯ ಮಗ್ಗುಲಲ್ಲಿ ಕೂತಿರುತ್ತಾಳೆ. ತಾಯಿ ಹಿಟ್ಟಿನಿಂದ ನಿಂಬೆಕಾಯಿಯಷ್ಟು ಉಂಡೆಯನ್ನು ಮುರಿದು ಅವಳ ಕಡೆಗೆ ತಳ್ಳುತ್ತಾಳೆ. ಪಾಠವಿಲ್ಲ, ಬೋಧನೆಯಿಲ್ಲ. ಹುಡುಗಿ ಬಡಿಯುತ್ತಾಳೆ, ಹಿಟ್ಟು ಕೈಗೆ ಹತ್ತುತ್ತದೆ. ‘ಹಂಗಲ್ಲವಾ, ಒಣಾ ಹಿಟ್ಟ ಹಚ್ಚಿಕೋ, ಹಿಂಗ ನೋಡು’ ಎಂಬ ಒಂದು ಮಾತು ಬೀಳುತ್ತದೆ. ತಾಯಿಯ ಕೈ ಮತ್ತೆ ತನ್ನ ರೊಟ್ಟಿಗೆ ಹೋಗುತ್ತದೆ. ಕೊನೆಗೆ ಮೂಲೆ ಮೂಲೆಯಾದ ಒಂದು ಪುಟ್ಟ ರೊಟ್ಟಿ ತಯಾರಾಗುತ್ತದೆ. ಅದು ಆಟಿಕೆಯಲ್ಲ, ಅದನ್ನೂ ಅದೇ ಹಂಚಿನ ಮೇಲೆ ಸುಟ್ಟು ಅಪ್ಪನ ಗಂಗಾಳಕ್ಕೆ ಬಡಿಸುತ್ತಾರೆ. ತನ್ನ ಕೈಯ ಕೆಲಸ ಮನೆಯ ಊಟದೊಳಗೆ ಸೇರಿತೆಂಬ ಹಿಗ್ಗು ಹುಡುಗಿಗೆ ಯಾವ ಪದಕವೂ ಕೊಡದ ಮನ್ನಣೆ.

ಬಾರ್ಬರಾ ರೋಗಾಫ್ ಮತ್ತು ಸಂಗಡಿಗರು 1993ರಲ್ಲಿ ನಾಲ್ಕು ಊರುಗಳ ತಾಯಿಮಕ್ಕಳನ್ನು ಹೋಲಿಸಿ ನೋಡಿದ ಅಧ್ಯಯನ ಪ್ರಕಟವಾಯಿತು. ಅಮೆರಿಕದ ಸಾಲ್ಟ್ ಲೇಕ್ ನಗರ, ಟರ್ಕಿಯ ಒಂದು ನಗರಭಾಗ, ಗ್ವಾಟೆಮಾಲಾದ ಮಾಯಾ ಜನರ ಸ್ಯಾನ್ ಪೆಡ್ರೊ, ನಮ್ಮ ರಾಜಸ್ಥಾನದ ಬುಡಕಟ್ಟು ಹಳ್ಳಿ ಢೋಲ್-ಕಿ-ಪಟ್ಟಿ. ಕಂಡರಿಯದ ವಸ್ತುಗಳನ್ನು ಕೊಟ್ಟಾಗ, ನಗರದ ತಾಯಂದಿರು ಮಾತಿನಿಂದ ವಿವರಿಸುತ್ತ, ಹುರಿದುಂಬಿಸುತ್ತ ಪಾಠ ಹೇಳುವುದಕ್ಕೆ ಹೆಚ್ಚು ಒಲಿದರು. ಸ್ಯಾನ್ ಪೆಡ್ರೊ ಮತ್ತು ಢೋಲ್-ಕಿ-ಪಟ್ಟಿಯಲ್ಲಿ ಮಗುವೇ ಕಣ್ಣಿಟ್ಟು ನೋಡುತ್ತಿತ್ತು. ತಾಯಿ ತನ್ನ ಮಾತುಕತೆಯನ್ನು ಬಿಡದೆ, ಬೇಕಾದಾಗ ನೆರವಾಗಲು ಸಿದ್ಧಳಾಗಿರುತ್ತಿದ್ದಳು. ಎರಡೂ ಕಲಿಸುವ ಕ್ರಮಗಳೇ. ಮೊದಲನೆಯದು ಶಾಲೆಯ ಮಾತನ್ನು ಬಲ್ಲ ಮನೆಗಳಲ್ಲಿ ಬೆಳೆದದ್ದು. ಎರಡನೆಯದು ಮಕ್ಕಳು ಹಿರಿಯರ ಕೆಲಸದ ನಡುವೆಯೇ ಇರುವ ಮನೆಗಳದ್ದು. ಹೊಲದ ಬದುವಿನಲ್ಲಿ ಸೀರೆಯ ಜೋಳಿಗೆಯಲ್ಲಿ ಮಲಗಿ, ಎದ್ದರೆ ಕಳೆ ತೆಗೆಯುವ ಕೈಗಳನ್ನೇ ನೋಡುವ ಚಿಂಚೋಳಿ ತಾಂಡಾಗಳ ಕೂಸು ಎರಡನೆಯ ಶಾಲೆಯ ವಿದ್ಯಾರ್ಥಿ.

ಬಳಕೆಯನ್ನು ಕಲಿಯುವ ದಾರಿಯಲ್ಲಿ ಕೆಲವು ತಮಾಷೆಯ ತಪ್ಪುಗಳೂ ಉಂಟು. ಒಂದೂವರೆಯಿಂದ ಎರಡೂವರೆ ವರ್ಷದ ಮಕ್ಕಳು ಆಟಿಕೆಯ ಅಂಗೈಯಗಲದ ಕಾರಿನೊಳಗೆ ಕಾಲು ತೂರಿಸಲು, ಗೊಂಬೆಯ ಕುರ್ಚಿಯ ಮೇಲೆ ಕೂರಲು ಗಂಭೀರವಾಗಿ ಯತ್ನಿಸುವುದನ್ನು ಜೂಡಿ ಡಿಲೋಷ್ ಮತ್ತು ಸಂಗಡಿಗರು 2004ರಲ್ಲಿ ವರ್ಣಿಸಿದರು. ‘ಇದು ಕೂರುವ ವಸ್ತು’ ಎಂಬ ಅರಿವು ಮುನ್ನುಗ್ಗಿ, ‘ಇದು ನನಗೆ ಸಾಲದು’ ಎಂಬ ಅಳತೆಯನ್ನು ಒಂದು ಕ್ಷಣ ಹಿಂದಿಕ್ಕುತ್ತದೆ. ಮೂರು ತುಂಬುತ್ತಿದ್ದಂತೆ ಇನ್ನೊಂದು ಶಕ್ತಿ ಬಲಿಯುತ್ತದೆ. ವಸ್ತುವಿನ ನಿಜವಾದ ಬಳಕೆಯನ್ನು ಬಲ್ಲ ಮಗು ಅದನ್ನು ಬೇಕೆಂದೇ ಬದಿಗಿಟ್ಟು, ಕೋಲನ್ನು ಕುದುರೆ ಎನ್ನುತ್ತದೆ. ಜೋಳದ ದಂಟಿನ ಸಿಬಿರು, ಬೆಂಡುಗಳಿಂದ ಬಂಡಿ ಕಟ್ಟುವ, ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ನಮ್ಮ ಹುಡುಗರ ಕೈ ಇಲ್ಲಿಂದಲೇ ಮುಂದುವರಿದದ್ದು.

ಕಲಿತದ್ದು ಗಟ್ಟಿಯಾದಂತೆ ಒಂದು ನಷ್ಟವೂ ಇದೆ. 2000ದಲ್ಲಿ ಪ್ರಕಟವಾದ ಜರ್ಮನ್ ಮತ್ತು ಡಿಫೈಟರ್ ಎಂಬಿಬ್ಬರ ಪ್ರಯೋಗದಲ್ಲಿ, ಎತ್ತರದ ವಸ್ತುವನ್ನು ಮುಟ್ಟಲು ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ ಮೆಟ್ಟಿಲು ಮಾಡಬೇಕಾಗಿತ್ತು. ಪೆಟ್ಟಿಗೆಯಲ್ಲಿ ಸಾಮಾನು ತುಂಬಿಟ್ಟು ತೋರಿಸಿದ್ದರೆ ಆರೇಳು ವರ್ಷದ ಮಕ್ಕಳಿಗೆ ಉಪಾಯ ಹೊಳೆಯುವುದು ತಡವಾಯಿತು. ‘ಪೆಟ್ಟಿಗೆ ತುಂಬುವುದಕ್ಕೆ’ ಎಂಬ ಅರಿವೇ ಅಡ್ಡ ಬಂತು. ಐದು ವರ್ಷದವರಿಗೆ ಆ ಅಡ್ಡಿಯೇ ಇರಲಿಲ್ಲ. ರೂಢಿ ನಮಗೆ ದಾರಿಯೂ ಹೌದು, ಬೇಲಿಯೂ ಹೌದು.

ಇಷ್ಟೆಲ್ಲ ವಿವರಿಸಿದ್ದು ಬರೀ ಕುತೂಹಲಕ್ಕಾಗಿ ಅಲ್ಲ. ಇದರಲ್ಲಿ ಜೀವದ ಪ್ರಶ್ನೆಯೊಂದಿದೆ. ಸೀಮೆಎಣ್ಣೆಯ ಸ್ಟೋವು ಮನೆಮನೆಯಲ್ಲಿದ್ದ ಕಾಲದಲ್ಲಿ, ಒಂದರಿಂದ ಮೂರು ವರ್ಷದ ಮಕ್ಕಳು ಸೀಮೆಎಣ್ಣೆ ಕುಡಿದು ಆಸ್ಪತ್ರೆ ಸೇರುವುದು ನಮ್ಮ ದೇಶದಲ್ಲಿ ತೀರ ಸಾಮಾನ್ಯವಾಗಿತ್ತು. ಇಂದು ಆ ಸ್ಥಾನಕ್ಕೆ ಕಕ್ಕಸು ತೊಳೆಯುವ ಆಸಿಡ್ಡು, ಫಿನಾಯಿಲು, ಬಣ್ಣದ ಥಿನ್ನರು, ತೊಗರಿಯ ಕಾಯಿಕೊರಕ ಹುಳಕ್ಕೆ ಹೊಡೆಯುವ ಔಷಧ ಇವೆಲ್ಲ ಬಂದಿವೆ. ಇವನ್ನು ನಾವು ಸುರುವಿಡುವುದು ಯಾವುದರಲ್ಲಿ? ನೀರು ಕುಡಿದು ಖಾಲಿಯಾದ ಬಾಟಲಿಯಲ್ಲಿ, ಶರಬತ್ತಿನ ಬಾಟಲಿಯಲ್ಲಿ. ಅನಾಹುತವಾದ ಮೇಲೆ, ‘ಏನ ಕೂಸೋ, ಸಿಕ್ಕದ್ದೆಲ್ಲ ಕುಡೀತದ’ ಎಂದು ಕೂಸನ್ನೇ ದೂರುತ್ತೇವೆ. ಆದರೆ ಕೂಸು ಮಾಡಿದ್ದೇನು? ಬಾಟಲಿ ಇರುವುದು ಕುಡಿಯುವುದಕ್ಕೆ ಎಂಬ ಪಾಠವನ್ನು ನಾವೇ ನೂರು ಸಲ ತೋರಿಸಿಕೊಟ್ಟಿದ್ದೆವು. ಅದು ಆ ಪಾಠವನ್ನು ತಪ್ಪಿಲ್ಲದೆ ಒಪ್ಪಿಸಿತು. ಅನ್ವರ್ಥವನ್ನು ಕೆಡಿಸಿದವರು ನಾವು. ವಿಷವನ್ನು ಅದರ ಡಬ್ಬಿಯಲ್ಲಿಯೇ ಇಡಬೇಕು. ಕೀಲಿ ಹಾಕಿದ ಎತ್ತರದ ಗೂಡಿನಲ್ಲಿಡಬೇಕು. ಕುಡಿಯುವ ಪಾತ್ರೆಗೆ ಎಂದೂ ಸುರುವಬಾರದು. ಒಂದು ವೇಳೆ ಕೂಸು ಕುಡಿದೇಬಿಟ್ಟರೆ ವಾಂತಿ ಮಾಡಿಸಬಾರದು, ಉಪ್ಪುನೀರು ಕುಡಿಸಬಾರದು. ವಾಂತಿಯಲ್ಲಿ ಸೀಮೆಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು, ಆಸಿಡ್ಡು ಗಂಟಲನ್ನು ಎರಡನೆಯ ಸಲ ಸುಡುತ್ತದೆ. ಆ ಬಾಟಲಿಯನ್ನೂ ಕೈಯಲ್ಲಿ ಹಿಡಿದುಕೊಂಡು ತಡವಿಲ್ಲದೆ ಆಸ್ಪತ್ರೆಗೆ ಓಡಬೇಕು.

ಹಾಗೆಂದು ಹೆದರಿ ಎಲ್ಲವನ್ನೂ ಕೂಸಿನ ಕೈಯಿಂದ ಕಸಿದುಕೊಳ್ಳುವುದು ಇನ್ನೊಂದು ಅತಿರೇಕ. 1939ರಲ್ಲಿ ಮದರಾಸಿಗೆ ಬಂದು, ಯುದ್ಧಕಾಲವನ್ನೆಲ್ಲ ನಮ್ಮ ದೇಶದಲ್ಲಿಯೇ ಕಳೆದು 1946ರಲ್ಲಿ ಮರಳಿದ ಮಾರಿಯಾ ಮಾಂಟೆಸರಿಯವರ ಪದ್ಧತಿಯಲ್ಲಿ, ಮಕ್ಕಳಿಗೆ ಕೊಡುವುದು ನಿಜವಾದ ಹೂಜಿ, ನಿಜವಾದ ಗಾಜಿನ ಲೋಟ. ಅಳತೆ ಮಾತ್ರ ಅವರ ಕೈಗೆ ತಕ್ಕದ್ದು. ಒಡೆಯುವ ವಸ್ತುವೇ ಜೋಪಾನವನ್ನು ಕಲಿಸುತ್ತದೆಂಬುದು ಆಕೆಯ ನಂಬುಗೆ. ಈಗ ನಾವು ಕೂಸಿನ ಕೈಗೆ ಕೊಡುತ್ತಿರುವುದು ಮೊಬೈಲನ್ನು. ಒಂದು ವರ್ಷದ ಕೂಸಿಗೆ ಪರದೆಯ ನೋಟ ಬೇಡವೇ ಬೇಡವೆಂದೂ ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸೂಚಿಸಿದೆ. ಕಣ್ಣು, ನಿದ್ದೆಗಳ ಮಾತು ಹಾಗಿರಲಿ. ಆ ಗಾಜಿನ ಮೇಲೆ ತೂಕವಿಲ್ಲ, ಮೆತ್ತಗೆ ಬಿರುಸು ಎಂಬುದಿಲ್ಲ, ಚೆಲ್ಲುವ ಭಯವಿಲ್ಲ. ಸಾವಿರ ಚಿತ್ರ ಬಂದರೂ ಬೆರಳು ಕಲಿಯುವುದು ಸವರುವ ಒಂದೇ ಪಾಠ.

ಇನ್ನೊಂದು ಮಾತನ್ನು ಹೇಳಲೇಬೇಕು. ಅಂಗನವಾಡಿಗೆ, ಶಾಲೆಗೆ ಬಂದ ಮಗುವಿಗೆ ಚಿತ್ರದ ಹಾಳೆ ತೋರಿಸಿ ‘ಇದರ ಹೆಸರೇನು?’ ಎಂದು ಕೇಳುತ್ತಾರೆ. ಮಗು ಸುಮ್ಮನಿದ್ದರೆ ‘ಮಂದ’ ಎಂದು ಎಣಿಸಿಬಿಡುವುದನ್ನು ನಾನು ಕಂಡಿದ್ದೇನೆ. ಚಿತ್ರದ ಹೆಸರು ಕನ್ನಡದಲ್ಲಿ. ಮಗುವಿನ ಮನೆಮಾತು ಲಂಬಾಣಿ. ಅದೇ ಮಗು ಮೊರ ಹಿಡಿದು ಗಾಳಿಯ ದಿಕ್ಕಿಗೆ ತಿರುಗಿ ನಿಲ್ಲಬಲ್ಲದು, ಆಡಿನ ಮರಿಗೆ ಜಾರುಗಂಟು ಹಾಕಬಲ್ಲದು, ತುಂಬಿದ ಚರಗಿಯನ್ನು ಚೆಲ್ಲದೆ ತರಬಲ್ಲದು. ಪಟ್ಟಣದಲ್ಲಿ ಇಪ್ಪತ್ತು ಉಪಕರಣಗಳ ಹೆಸರನ್ನು ಎರಡು ಭಾಷೆಗಳಲ್ಲಿ ಒಪ್ಪಿಸುವ ಮಗು ಅವುಗಳಲ್ಲಿ ಒಂದನ್ನೂ ಮುಟ್ಟಿರಲಾರದು. ಹೆಸರಿನ ಅರಿವನ್ನು ನಾನು ಕೀಳುಗಳೆಯುತ್ತಿಲ್ಲ. ಜೀವನವಿಡೀ ಹೆಸರುಗಳನ್ನೇ ಪಾಠ ಹೇಳಿದವನು ನಾನು. ಒಂದನ್ನೇ ಅಳೆದು ಇನ್ನೊಂದನ್ನು ಇಲ್ಲವೆನ್ನುವುದು ಅನ್ಯಾಯ ಎಂದಷ್ಟೇ ಹೇಳುತ್ತೇನೆ. ಹೆಸರು ಕೇಳುವ ಮೊದಲು ವಸ್ತುವನ್ನು ಕೈಗೆ ಕೊಟ್ಟು ನೋಡಿರೆಂದು ಉಪಾಧ್ಯಾಯ ಬಂಧುಗಳಲ್ಲಿ, ಅಂಗನವಾಡಿಯ ತಾಯಂದಿರಲ್ಲಿ ನನ್ನ ವಿನಂತಿ.

ನಮ್ಮ ನೆರೆಯ ಸೇಡಂ ತಾಲೂಕಿನ ಮಳಖೇಡವೇ ಹಿಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು, ಓದಿನ ಹಂಗಿಲ್ಲದೆಯೂ ಕಾವ್ಯದಲ್ಲಿ ನುರಿತವರೆಂದು ಈ ನಾಡಿನ ಜನರನ್ನು ಕೊಂಡಾಡುತ್ತದೆ. ಅದರೊಡನೆಯೇ ಸಣ್ಣ ಮಕ್ಕಳ ಮತ್ತು ಮಾತು ಬಾರದವರ ವಿವೇಕವನ್ನೂ ಅದು ನೆನೆಯುತ್ತದೆ ಎಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ತಿಳಿಸಿದರೆ ಅವರೂ ಅರಿಯುತ್ತಾರೆಂಬುದು ಆ ಮಾತಿನ ಭಾವ. ತಿಳಿಸುವುದೆಂದರೆ ಯಾವಾಗಲೂ ಬಾಯಿಂದ ಹೇಳುವುದೇ ಆಗಬೇಕಿಲ್ಲ. ಉಂಡೆಯೊಂದನ್ನು ಮುರಿದು ಮಗ್ಗುಲಿಗೆ ತಳ್ಳುವುದೂ ತಿಳಿಸುವುದೇ. ಮಗು ಗುಂಡಿ ಹಾಕಿಕೊಳ್ಳುವಾಗ ಬಸ್ಸಿನ ಹೊತ್ತು ಮೀರುತ್ತಿದ್ದರೂ ಎರಡು ನಿಮಿಷ ಕೈಕಟ್ಟಿ ನಿಲ್ಲುವುದೂ ತಿಳಿಸುವುದೇ. ಅಷ್ಟು ತಾಳ್ಮೆಯನ್ನು ನಮ್ಮ ಮನೆಗಳು ಉಳಿಸಿಕೊಳ್ಳಲೆಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.